ಕೂಡಿ ಬಾಳುವುದನ್ನು ಕಲಿಸಬಹುದೆ?

ಯಾವುದೇ ಶಾಲೆಯ ವೇಳಾಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದರೆ ಗಣಿತಕ್ಕೆ ಇಷ್ಟು ಹೊತ್ತು, ಭಾಷೆಗೆ ಇಷ್ಟು ಹೊತ್ತು, ವಿಜ್ಞಾನಕ್ಕೆ ಇಷ್ಟು ಹೊತ್ತು ಎಂದು ಅಚ್ಚುಕಟ್ಟಾಗಿ ಹಂಚಿರುವುದು ಕಾಣುತ್ತದೆ. ಆದರೆ ಬಂದ ಸಿಟ್ಟನ್ನು ಒಂದು ಗಳಿಗೆ ತಡೆದುಕೊಳ್ಳುವುದು, ಎದುರಿಗಿರುವವನ ಮುಖವನ್ನು ನೋಡಿ ಅವನ ಮನಸ್ಸಿನಲ್ಲಿ ಏನಿದೆಯೆಂದು ಊಹಿಸುವುದು, ತಡವರಿಸುತ್ತಿರುವವನ ಬಾಯಿಂದ ಮಾತು ಹೊರಡುವವರೆಗೆ ಕಾಯುವುದು ಇವೆಲ್ಲವನ್ನೂ ಯಾವ ಪೀರಿಯಡ್ಡಿನಲ್ಲಿ ಕಲಿಸುತ್ತಾರೆ? ಮನುಷ್ಯನ ಬಾಳಿನಲ್ಲಿ ವರ್ಗ ಸಮೀಕರಣ ಬೇಕಾಗುವ ಸಂದರ್ಭಗಳಿಗಿಂತ ಇವು ಬೇಕಾಗುವ ಸಂದರ್ಭಗಳೇ ಹೆಚ್ಚೆಂಬುದನ್ನು ವರ್ಗ ಸಮೀಕರಣವನ್ನು ಕಲಿಸುವವರೂ ಒಪ್ಪುತ್ತಾರೆ.

ಇದಕ್ಕೆ ಬಹುಕಾಲದಿಂದ ನಡೆದುಬಂದಿರುವ ಉಪಾಯ ಉಪದೇಶ. ನೀತಿಪಾಠದ ವೇಳೆಯಲ್ಲಿ ಉಪಾಧ್ಯಾಯರು ಸಹನೆಯ ಮಹಿಮೆಯನ್ನು ವರ್ಣಿಸುತ್ತಾರೆ, ಹುಡುಗರು ಕೇಳುತ್ತಾರೆ, ಗಂಟೆ ಬಾರಿಸಿದೊಡನೆ ಬಾಗಿಲ ಬಳಿ ಒಬ್ಬರನ್ನೊಬ್ಬರು ನೂಕಿಕೊಂಡು ಹೊರಗೆ ಓಡುತ್ತಾರೆ. ಹೀಗೆ ಕಲಿತ ಸಹನೆ ಪುಸ್ತಕದ ಬದನೆಕಾಯಿಯಂತೆ, ಅದರಿಂದ ಪಲ್ಯವಾಗದು. ಸೈಕಲ್ಲಿನ ಸಮತೋಲವನ್ನು ಕರಿಹಲಗೆಯ ಮೇಲೆ ಬಲಗಳ ಚಿತ್ರ ಬರೆದು ಎಷ್ಟು ಸೊಗಸಾಗಿ ವಿವರಿಸಿದರೂ, ಅದನ್ನು ಕೇಳಿ ತಿಳಿದವನು ಸೈಕಲ್ಲನ್ನು ಏರಿದ ಮೊದಲ ದಿನ ಬೀಳುವುದು ತಪ್ಪುವುದಿಲ್ಲ. ಸಮತೋಲ ಮೈಗೂಡಬೇಕಾದರೆ ಗಾಲಿ ಉರುಳುತ್ತಿರಬೇಕು.

ಹಾಗಾದರೆ ಸಹಜೀವನದ ವಿದ್ಯೆಯಲ್ಲಿ ಗಾಲಿಯನ್ನು ಉರುಳಿಸುವ ಬಗೆ ಯಾವುದು? ಕಳೆದ ಎಪ್ಪತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ನಡೆಸಿದ ಪರೀಕ್ಷೆಗಳು ಈ ಪ್ರಶ್ನೆಗೆ ಕೊಡುವ ಉತ್ತರ ಬಹಳ ಸ್ವಾರಸ್ಯವಾದುದು. ಇನ್ನೊಬ್ಬನ ನೆರವಿಲ್ಲದೆ ತನ್ನ ಕೆಲಸ ಮುಂದೆ ಸಾಗದು ಎಂಬ ಏರ್ಪಾಡು ದಿನದಿನದ ಬದುಕಿನಲ್ಲಿದ್ದರೆ, ಆ ಇನ್ನೊಬ್ಬನನ್ನು ಅರಿಯುವ ಕುಶಲತೆ ತಾನಾಗಿ ಬೆಳೆಯುವುದು. ಅಂತಹ ಏರ್ಪಾಡಿಲ್ಲದಿದ್ದರೆ ಉಪದೇಶ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಡುವುದು. ಇದನ್ನು ತೋರಿಸಿದ ಎರಡು ಪರೀಕ್ಷೆಗಳನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲನೆಯದು ೧೯೫೪ರ ಬೇಸಗೆಯಲ್ಲಿ ಅಮೆರಿಕದ ಓಕ್ಲಹೋಮ ಸಂಸ್ಥಾನದ ರಾಬರ್ಸ್ ಕೇವ್ ಎಂಬ ಉದ್ಯಾನದಲ್ಲಿ ನಡೆಯಿತು. ಅದರ ಸೂತ್ರಧಾರ ಮುಜಾಫರ್ ಶೆರಿಫ್. ತುರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಈ ವಿದ್ವಾಂಸರು ಹನ್ನೊಂದು ವಯಸ್ಸಿನ ಆಸುಪಾಸಿನ ೨೨ ಬಾಲಕರನ್ನು ಆರಿಸಿ ಅಲ್ಲಿನ ಬೇಸಗೆ ಶಿಬಿರಕ್ಕೆ ಕರೆತಂದರು. ಹುಡುಗರೆಲ್ಲರೂ ಒಂದೇ ಬಗೆಯ ಮಧ್ಯಮ ವರ್ಗದ ಮನೆಗಳವರು, ಒಂದೇ ಧರ್ಮದವರು, ಬುದ್ಧಿಯಲ್ಲೂ ನಡತೆಯಲ್ಲೂ ಸಾಧಾರಣರು. ಮುಖ್ಯವಾಗಿ, ಮೊದಲು ಒಬ್ಬರಿಗೊಬ್ಬರು ಪರಿಚಿತರಲ್ಲ. ಮುಂದೆ ಜಗಳವೇನಾದರೂ ಹುಟ್ಟಿದರೆ ಅದಕ್ಕೆ ಹಳೆಯ ದ್ವೇಷವಾಗಲಿ ಜಾತಿಮತಗಳಾಗಲಿ ಕಾರಣವೆನ್ನಲು ಎಡೆಯಿರಬಾರದೆಂಬುದೇ ಈ ಎಚ್ಚರಿಕೆಯ ಉದ್ದೇಶ.

ಹುಡುಗರನ್ನು ಎರಡು ತಂಡಗಳಾಗಿ ಹಂಚಿ, ಮೊದಲ ವಾರ ಒಂದು ತಂಡದ ಸುದ್ದಿಯೇ ಇನ್ನೊಂದಕ್ಕೆ ತಿಳಿಯದಂತೆ ಬೇರೆಬೇರೆ ಬಿಡಾರಗಳಲ್ಲಿ ಇರಿಸಿದರು. ಪ್ರತಿ ತಂಡವೂ ತನಗೊಂದು ಹೆಸರಿಟ್ಟುಕೊಂಡು ಬಾವುಟವನ್ನು ಮಾಡಿಕೊಂಡಿತು: ಒಂದು ಹದ್ದುಗಳ ತಂಡ, ಇನ್ನೊಂದು ಬುಡುಬುಡಿಕೆ ಹಾವುಗಳ ತಂಡ. ಎರಡನೆಯ ವಾರ ಅವರನ್ನು ಎದುರುಬದುರು ನಿಲ್ಲಿಸಿ ಬೇಸ್‌ಬಾಲ್, ಹಗ್ಗಜಗ್ಗಾಟ ಮೊದಲಾದ ಪಂದ್ಯಗಳನ್ನು ಏರ್ಪಡಿಸಿದರು. ಗೆದ್ದವರಿಗೆ ಪದಕವೂ ಚಾಕುವೂ ಬಹುಮಾನ; ಸೋತವರಿಗೆ ಏನೂ ಇಲ್ಲ. ಅಷ್ಟು ಸಾಕಾಯಿತು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು, ಒಬ್ಬರ ಬಿಡಾರದ ಮೇಲೆ ಇನ್ನೊಬ್ಬರು ರಾತ್ರಿ ದಾಳಿ ಮಾಡಿದರು, ಬೈಗುಳ ಬೆಳೆಯಿತು. ತಮ್ಮ ತಂಡದವರು ಧೀರರು, ಎದುರು ತಂಡದವರು ಮೋಸಗಾರರು ಎಂದು ಎರಡು ಕಡೆಯವರೂ ನಂಬಿದರು. ಎರಡು ವಾರಗಳ ಹಿಂದೆ ಈ ಹುಡುಗರನ್ನು ಚೀಟಿ ಎತ್ತಿದಂತೆ ಯಾರು ಯಾವ ತಂಡಕ್ಕೆ ಬೇಕಾದರೂ ಹಾಕಬಹುದಾಗಿತ್ತು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಈ ವೈರವನ್ನು ಇಳಿಸುವ ಬಗೆ ಹೇಗೆ? ಶೆರಿಫರು ಮೊದಲು ಮಾಡಿದ್ದು ನಾವು ನೀವು ಸಾಮಾನ್ಯವಾಗಿ ಮಾಡುವುದನ್ನೇ. ಎರಡು ತಂಡಗಳನ್ನೂ ಒಟ್ಟಿಗೆ ಕೂರಿಸಿ ಊಟ ಹಾಕಿಸಿದರು. ಒಟ್ಟಿಗೆ ಚಲಚ್ಚಿತ್ರ ತೋರಿಸಿದರು. ಫಲ ವಿಪರೀತವಾಯಿತು. ಊಟದ ಮನೆಯಲ್ಲಿ ಹುಡುಗರು ತಿಂಡಿಯನ್ನೇ ಎತ್ತಿ ಎದುರಾಳಿಗಳ ಮೇಲೆ ಎಸೆದರು. ಹತ್ತಿರವಿರುವುದೇ ಬೇರೆ, ಹೊಂದಿಕೊಂಡಿರುವುದೇ ಬೇರೆ. ಮರಳಿನ ರಾಶಿಯಲ್ಲಿ ಕಣಗಳು ಎಷ್ಟು ಹತ್ತಿರವಿದ್ದರೂ ಒಂದಕ್ಕೊಂದು ಅಂಟುವುದಿಲ್ಲವಷ್ಟೆ.

ಆಗ ಶೆರಿಫರು ಬೇರೊಂದು ದಾರಿ ಹಿಡಿದರು. ಒಂದು ದಿನ ಶಿಬಿರಕ್ಕೆ ನೀರು ಬರುವುದು ನಿಂತುಹೋಯಿತು. ಬೆಟ್ಟದ ಮೇಲಿನ ತೊಟ್ಟಿಯಿಂದ ಬರುವ ಕೊಳಾಯಿಯಲ್ಲಿ ಎಲ್ಲಿ ತೊಡಕಾಗಿದೆಯೆಂದು ಹುಡುಕಬೇಕಾಗಿತ್ತು. ಬಾಯಾರಿದ ಹದ್ದುಗಳೂ ಬಾಯಾರಿದ ಹಾವುಗಳೂ ಕೂಡಿ ಹುಡುಕಿ ಅದನ್ನು ಸರಿಪಡಿಸಿದರು. ತೊಡಕನ್ನುಂಟುಮಾಡಿದ್ದವರು ಸಂಶೋಧಕರೇ ಎಂಬುದು ಹುಡುಗರಿಗೆ ತಿಳಿಯದು. ಇನ್ನೊಂದು ದಿನ ಬೇಕಾದ ಚಲಚ್ಚಿತ್ರವನ್ನು ತರಿಸಲು ಒಂದು ತಂಡದ ಹಣ ಸಾಲದೆ ಎರಡು ತಂಡಗಳೂ ಚಂದಾ ಹಾಕಿದವು. ಮತ್ತೊಂದು ದಿನ ಊಟದ ಸಾಮಾನು ತರಬೇಕಾಗಿದ್ದ ಲಾರಿ ಚಾಲೂ ಆಗದೆ ನಿಂತಿತು. ಹುಡುಗರು ಹಗ್ಗವೊಂದನ್ನು ಅದಕ್ಕೆ ಕಟ್ಟಿ ಎಲ್ಲರೂ ಸೇರಿ ಎಳೆದರು. ಆ ಹಗ್ಗ ಯಾವುದು ಗೊತ್ತೆ? ಹಿಂದಿನ ವಾರ ಹಗ್ಗಜಗ್ಗಾಟದಲ್ಲಿ ಎರಡು ತಂಡಗಳೂ ಪರಸ್ಪರ ವಿರುದ್ಧವಾಗಿ ಎಳೆದಿದ್ದ ಹಗ್ಗವೇ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ಲೆಕ್ಕ ಬೇರೊಂದಿಲ್ಲ: ಹಗ್ಗ ಅದೇ, ಕೈಗಳು ಅವೇ, ಬಲಗಳ ಪರಿಮಾಣವೂ ಹೆಚ್ಚುಕಡಮೆ ಅಷ್ಟೇ, ದಿಕ್ಕು ಮಾತ್ರ ಬದಲಾಗಿತ್ತು.

ಇಂತಹ ಸಂದರ್ಭಗಳು ಒಂದರ ಮೇಲೊಂದು ಬಂದಂತೆ ಬೈಗುಳ ಇಳಿಯಿತು. ಕೊನೆಯ ದಿನ ಹುಡುಗರೆಲ್ಲರೂ ಒಂದೇ ಬಸ್ಸಿನಲ್ಲಿ ಹಿಂದಿರುಗಿದರು. ಹಾವುಗಳ ತಂಡ ತಾನು ಹಿಂದೆ ಗೆದ್ದಿದ್ದ ಐದು ಡಾಲರುಗಳನ್ನು ದಾರಿಯಲ್ಲಿ ಎಲ್ಲರಿಗೂ ಪಾನೀಯ ಕೊಡಿಸುವುದಕ್ಕೆ ಖರ್ಚು ಮಾಡಿತು.

ಈ ಪರೀಕ್ಷೆಯನ್ನು ಹೊಗಳುವಾಗ ಎರಡು ಮಾತುಗಳನ್ನು ಮರೆಯಬಾರದು. ಮಕ್ಕಳಿಗೆ ತಿಳಿಸದೆ ಅವರಲ್ಲಿ ವೈರವನ್ನು ಬಿತ್ತುವುದನ್ನು ಇಂದಿನ ಯಾವ ನೀತಿಸಮಿತಿಯೂ ಒಪ್ಪಲಾರದು, ಒಪ್ಪಲೂಕೂಡದು. ಇನ್ನೊಂದು ಮಾತೆಂದರೆ, ಇದಕ್ಕೆ ಒಂದು ವರ್ಷ ಮೊದಲು, ೧೯೫೩ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಮಿಡ್ಲ್ ಗ್ರೋವ್ ಎಂಬಲ್ಲಿ ಶೆರಿಫರು ನಡೆಸಿದ ಇಂತಹುದೇ ಶಿಬಿರ ಮುರಿದುಬಿದ್ದಿತ್ತು. ೨೦೧೮ರಲ್ಲಿ ಜಿನಾ ಪೆರಿ ಎಂಬ ಲೇಖಕಿ ತಮ್ಮ ಪುಸ್ತಕದಲ್ಲಿ ಆ ಕಥೆಯನ್ನು ವಿವರವಾಗಿ ಬರೆದಿದ್ದಾರೆ. ಅಲ್ಲಿ ತಂಡಗಳಾಗಿ ಒಡೆಯುವ ಮೊದಲು ಹುಡುಗರನ್ನು ಒಟ್ಟಿಗೆ ಬಿಟ್ಟಿದ್ದರಿಂದ ಅವರಲ್ಲಿ ಸ್ನೇಹ ಬೆಳೆದಿತ್ತು. ಆಮೇಲೆ ಎಷ್ಟು ಕೆಣಕಿದರೂ ಅವರು ಕಾದಾಡಲೊಲ್ಲದೆ ಕೊನೆಗೆ ದೊಡ್ಡವರನ್ನೇ ಸಂಶಯಿಸಿದರು! ಶೆರಿಫರಿಗೆ ಇದು ಸೋಲಾಗಿ ಕಂಡಿರಬಹುದು. ನನಗಾದರೋ ಎರಡು ಶಿಬಿರಗಳಲ್ಲಿ ಹೆಚ್ಚು ಭರವಸೆ ಕೊಡುವುದು ಈ ಮುರಿದುಬಿದ್ದ ಶಿಬಿರವೇ ಎನ್ನಿಸುತ್ತದೆ.

ಅದೇ ೧೯೫೪ನೆಯ ಇಸವಿ ಇನ್ನೆರಡು ಕಾರಣಗಳಿಂದ ನಮ್ಮ ಕಥೆಗೆ ಮುಖ್ಯವಾದುದು. ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆಬೇರೆ ಶಾಲೆಗಳನ್ನು ನಡೆಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ವರ್ಷದ ಮೇ ೧೭ರಂದು ತೀರ್ಪು ಕೊಟ್ಟಿತು. ಆ ವರ್ಷವೇ ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು ಪೂರ್ವಗ್ರಹದ ಸ್ವರೂಪವನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿ, ಎರಡು ಪಂಗಡಗಳ ಜನ ಬರಿದೆ ಸೇರಿದರೆ ಸಾಲದು. ಅವರು ಸಮಾನ ಸ್ಥಾನದಲ್ಲಿದ್ದು, ಒಂದೇ ಗುರಿಗಾಗಿ ಸಹಕರಿಸುತ್ತ, ಹಿರಿಯರ ಬೆಂಬಲವನ್ನೂ ಪಡೆದಿದ್ದರೆ ಮಾತ್ರ ಪೂರ್ವಗ್ರಹ ಸಡಿಲವಾಗುವುದೆಂದು ಎಚ್ಚರಿಸಿದರು. ನ್ಯಾಯಾಲಯ ಮಕ್ಕಳನ್ನು ಒಂದೇ ಸೂರಿನಡಿ ತರಬಲ್ಲುದು. ಆ ಸೂರಿನಡಿ ದಿನವೂ ಏನು ನಡೆಯುವುದೆಂಬುದು ತರಗತಿಯ ಏರ್ಪಾಡನ್ನು ಅವಲಂಬಿಸಿದೆ.

ಇದು ಎಷ್ಟು ನಿಜವೆಂಬುದು ೧೯೭೧ರಲ್ಲಿ ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ ಕಂಡಿತು. ಅಲ್ಲಿನ ಶಾಲೆಗಳಲ್ಲಿ ಬಿಳಿಯ ಮಕ್ಕಳು, ಕಪ್ಪು ಮಕ್ಕಳು, ಮೆಕ್ಸಿಕೊ ಮೂಲದ ಮಕ್ಕಳು ಮೊಟ್ಟಮೊದಲ ಬಾರಿಗೆ ಒಟ್ಟಿಗೆ ಸೇರಿದ್ದರು. ಕೆಲವೇ ವಾರಗಳಲ್ಲಿ ಅಂಗಳದಲ್ಲಿ ಹೊಡೆದಾಟ ಆರಂಭವಾಯಿತು. ಶಾಲಾ ಅಧಿಕಾರಿಗಳು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಎಲಿಯಟ್ ಆರನ್ಸನ್ ಎಂಬ ಪ್ರಾಧ್ಯಾಪಕರ ನೆರವನ್ನು ಕೇಳಿದರು. ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಒಡನೆಯೇ ಮದ್ದು ಬರೆದುಕೊಡಲಿಲ್ಲ. ತರಗತಿಗಳಲ್ಲಿ ಹಿಂದೆ ಕುಳಿತು ಕೆಲವು ದಿನ ಸುಮ್ಮನೆ ನೋಡಿದರು.

ಅವರು ಕಂಡದ್ದು ನಮ್ಮ ತರಗತಿಗಳಲ್ಲಿಯೂ ನಡೆಯುವ ವ್ಯಾಪಾರವೇ. ಉಪಾಧ್ಯಾಯರು ಪ್ರಶ್ನೆ ಕೇಳುತ್ತಾರೆ. ಮುಂದಿನ ಬೆಂಚುಗಳಲ್ಲಿ ಆರೇಳು ಕೈಗಳು ಏಳುತ್ತವೆ. ಕೆಲವರು ಕುಳಿತಲ್ಲಿಂದ ಅರ್ಧ ಎದ್ದು ಕೈ ಬೀಸುತ್ತಾರೆ. ಉಳಿದವರು ಉಪಾಧ್ಯಾಯರ ಕಣ್ಣಿಗೆ ಬೀಳದಿರಲೆಂದು ತಲೆ ತಗ್ಗಿಸುತ್ತಾರೆ. ಒಬ್ಬನನ್ನು ಕರೆದೊಡನೆ ಕೈ ಎತ್ತಿದ್ದ ಮಿಕ್ಕವರ ಮುಖ ಬಾಡುತ್ತದೆ. ಅವನು ತಪ್ಪು ಹೇಳಿದನೋ, ಬಾಡಿದ ಮುಖಗಳು ಮತ್ತೆ ಅರಳುತ್ತವೆ! ಯಾರಿಗೂ ಕೆಟ್ಟ ಬುದ್ಧಿಯಿಲ್ಲ. ಆದರೆ ಒಬ್ಬನ ಸೋಲು ಇನ್ನೊಬ್ಬನಿಗೆ ಅವಕಾಶವಾಗುವಂತೆ ಆಟದ ನಿಯಮವೇ ಇದೆ. ಈ ಆಟವನ್ನು ದಿನಕ್ಕೆ ಐದಾರು ಗಂಟೆಗಳಂತೆ ಹತ್ತು ವರ್ಷ ಆಡಿದ ಹುಡುಗನಿಗೆ ವಾರಕ್ಕೊಮ್ಮೆ ಪರಹಿತವನ್ನು ಬೋಧಿಸಿದರೆ ಅವನು ಯಾವುದನ್ನು ನಂಬಬೇಕು?

ಆರನ್ಸನ್ ನಿಯಮವನ್ನು ಬದಲಾಯಿಸಿದರು. ತರಗತಿಯನ್ನು ಐದಾರು ಮಂದಿಯ ಗುಂಪುಗಳಾಗಿ, ಪ್ರತಿ ಗುಂಪಿನಲ್ಲಿಯೂ ಎಲ್ಲ ಬಗೆಯ ಮಕ್ಕಳಿರುವಂತೆ, ಹಂಚಿದರು. ಅಂದಿನ ಪಾಠವನ್ನೂ ಅಷ್ಟೇ ತುಂಡುಗಳಾಗಿ ಒಡೆದು ಒಬ್ಬೊಬ್ಬರಿಗೆ ಒಂದೊಂದು ತುಂಡನ್ನು ಕೊಟ್ಟರು. ಒಬ್ಬನ ತುಂಡು ಇನ್ನೊಬ್ಬನಲ್ಲಿಲ್ಲ. ಬೇರೆಬೇರೆ ಗುಂಪುಗಳಲ್ಲಿ ಒಂದೇ ತುಂಡು ದೊರೆತವರು ಮೊದಲು ಒಂದೆಡೆ ಸೇರಿ ಅದನ್ನು ಚರ್ಚಿಸಿ ಮನದಟ್ಟು ಮಾಡಿಕೊಳ್ಳುವರು. ಬಳಿಕ ತಮ್ಮತಮ್ಮ ಗುಂಪಿಗೆ ಮರಳಿ ಮಿಕ್ಕವರಿಗೆ ಅದನ್ನು ಕಲಿಸುವರು. ಕೊನೆಯಲ್ಲಿ ಇಡೀ ಪಾಠದ ಮೇಲೆ ಪ್ರತಿಯೊಬ್ಬನಿಗೂ ಬೇರೆಬೇರೆಯಾಗಿ ಪರೀಕ್ಷೆ. ಕತ್ತರಿಸಿದ ಚಿತ್ರದ ಚೂರುಗಳನ್ನು ಜೋಡಿಸುವ ಆಟಕ್ಕೆ ಇಂಗ್ಲಿಷಿನಲ್ಲಿರುವ ಜಿಗ್‌ಸಾ ಎಂಬ ಹೆಸರೇ ಈ ಪದ್ಧತಿಗೂ ಬಂದಿತು.

ಒಂದು ಗುಂಪಿನಲ್ಲಿ ನಡೆದುದನ್ನು ಆರನ್ಸನ್ ತಮ್ಮ ಬರಹಗಳಲ್ಲಿ ವಿವರಿಸಿದ್ದಾರೆ. ಅವರು ಕಾರ್ಲೋಸ್ ಎಂದು ಕರೆದಿರುವ ಹುಡುಗನ ಮನೆಮಾತು ಸ್ಪ್ಯಾನಿಷ್. ಅವನಿಗೆ ಇಂಗ್ಲಿಷ್ ತಿಳಿಯುತ್ತಿದ್ದಿತು. ಆದರೆ ಹಿಂದೆ ಅವನು ಬಾಯಿ ತೆರೆದಾಗಲೆಲ್ಲ ಮಿಕ್ಕವರು ನಕ್ಕಿದ್ದರಿಂದ ಸುಮ್ಮನಿರುವುದನ್ನೇ ರೂಢಿಸಿಕೊಂಡಿದ್ದನು. ಅವನನ್ನು ಪ್ರಶ್ನಿಸದೆ ಬಿಡುವುದೇ ದಯೆಯೆಂದು ಉಪಾಧ್ಯಾಯರೂ ಬಗೆದಿದ್ದರು. ಅಂದು ಪಾಠವಾಗಿದ್ದುದು ಜೋಸೆಫ್ ಪುಲಿಟ್ಜರ್ ಎಂಬ ಪತ್ರಿಕೋದ್ಯಮಿಯ ಜೀವನ. ಅದರ ಒಂದು ಭಾಗ ಕಾರ್ಲೋಸನ ಪಾಲಿಗೆ ಬಂದಿತ್ತು. ಅವನು ತಡವರಿಸಿದನು, ನಿಂತನು, ಮೈ ಮುದುಡಿಕೊಂಡನು. ಮಕ್ಕಳು ಹಳೆಯ ಅಭ್ಯಾಸದಂತೆ ಅಣಕಿಸಿದರು. ಆಗ ಹತ್ತಿರದಲ್ಲಿದ್ದ ಸಹಾಯಕರು ಬೈಯಲಿಲ್ಲ, ನೀತಿಯನ್ನೂ ಹೇಳಲಿಲ್ಲ. ಅಣಕಿಸುವುದು ನಿಮಗೆ ತಮಾಷೆಯಾಗಿರಬಹುದು, ಆದರೆ ಪುಲಿಟ್ಜರನ ಆ ಭಾಗ ನಿಮಗೆ ತಿಳಿಯುವುದಿಲ್ಲ, ಪರೀಕ್ಷೆಗೆ ಇನ್ನೊಂದು ಗಂಟೆಯಿದೆ ಎಂಬರ್ಥದ ಮಾತಾಡಿ ಮುಂದೆ ನಡೆದರು.

ಮುಂದಿನ ಕೆಲವು ದಿನಗಳಲ್ಲಿ ಮಕ್ಕಳು ಮಾಡಿಕೊಂಡ ಬದಲಾವಣೆಯೇ ಈ ಲೇಖನದ ತಿರುಳು. ಕಾರ್ಲೋಸನಿಗೆ ತಿಳಿದಿರುವುದನ್ನು ಹೊರತೆಗೆಯಬೇಕಾದರೆ ಸರಿಯಾದ ಪ್ರಶ್ನೆಯನ್ನು ಕೇಳಬೇಕೆಂಬುದು ಅವರಿಗೆ ಹೊಳೆಯಿತು. ಅವನು ನಿಂತಲ್ಲಿ ಯಾವ ಸುಳಿವು ಕೊಟ್ಟರೆ ಮುಂದೆ ಸಾಗುವನೆಂಬುದನ್ನು ಗಮನಿಸಿದರು. ಅವನ ಮಾತು ಮುಗಿಯುವವರೆಗೆ ಕಾದರು. ಕಾರ್ಲೋಸನಿಗೂ ಧೈರ್ಯ ಬಂದು ಮಾತು ಸುಲಭವಾಯಿತು. ತಾವು ತಿಳಿದಿದ್ದಷ್ಟು ದಡ್ಡನಲ್ಲ ಇವನು ಎಂದು ಮಿಕ್ಕವರಿಗೆ ಅರಿವಾಯಿತು. ಅವರಿಗೆ ದಯೆ ಮೊದಲೇ ಹುಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲು ಹುಟ್ಟಿದುದು ಅಗತ್ಯ. ಅಗತ್ಯದಿಂದ ಗಮನ, ಗಮನದಿಂದ ಪರಿಚಯ. ಆದರ ಬಂದದ್ದು ಕಟ್ಟಕಡೆಗೆ. ನೀತಿಪಾಠದಲ್ಲಿ ನಾವು ಈ ಸಾಲನ್ನು ತಲೆಕೆಳಗು ಮಾಡಿ ಆದರದಿಂದ ಆರಂಭಿಸಲು ಹೋಗುತ್ತೇವೆ.

ಪ್ರಶ್ನೆ ಕೇಳುವ ಈ ಕಲೆ ಎಂತಹುದೆಂಬುದನ್ನು ನಮಗೆ ಹತ್ತಿರವಾದ ಪಾಠವೊಂದರಿಂದ ನೋಡಬಹುದು. ಬೆಳಕಿನ ವೇಗವನ್ನು ಅಳೆದ ಕಥೆ ಆರು ತುಂಡುಗಳಿಗೆ ಹೇಳಿ ಮಾಡಿಸಿದಂತಿದೆ. ಲಾಂದ್ರಗಳನ್ನು ಮುಚ್ಚಿ ತೆರೆದು ಅಳೆಯುವ ಗೆಲಿಲಿಯೋನ ಯೋಚನೆ ಒಬ್ಬನಿಗೆ. ಗುರುಗ್ರಹದ ಉಪಗ್ರಹವೊಂದರ ಗ್ರಹಣಗಳು ಹೊತ್ತು ತಪ್ಪಿ ಕಾಣುವುದರಿಂದ ೧೬೭೬ರಲ್ಲಿ ರೋಮರ್ ಮಾಡಿದ ತರ್ಕ ಇನ್ನೊಬ್ಬನಿಗೆ. ಮತ್ತೊಬ್ಬನಿಗೆ ನಕ್ಷತ್ರಗಳ ಸ್ಥಾನಪಲ್ಲಟದಿಂದ ೧೭೨೮ರಲ್ಲಿ ಬ್ರಾಡ್ಲಿ ಮಾಡಿದ ಲೆಕ್ಕ. ಹಾಗೆಯೇ ೧೮೪೯ರ ಫಿಜೋ, ೧೮೬೨ರ ಫೂಕೋ, ೧೯೨೬ರ ಮೈಕೆಲ್ಸನ್. ಫಿಜೋನ ಭಾಗ ಒಬ್ಬ ಸಂಕೋಚದ ಹುಡುಗಿಯ ಪಾಲಿಗೆ ಬಂದಿತೆನ್ನೋಣ. ೭೨೦ ಹಲ್ಲುಗಳ ಚಕ್ರವೊಂದು ತಿರುಗುತ್ತಿದೆ. ಎರಡು ಹಲ್ಲುಗಳ ನಡುವಣ ಸಂದಿನಿಂದ ಹೊರಟ ಬೆಳಕು ೮.೬ ಕಿಲೊಮೀಟರು ದೂರದ ಕನ್ನಡಿಯನ್ನು ಮುಟ್ಟಿ ಹಿಂದಿರುಗುವಷ್ಟರಲ್ಲಿ ಆ ಸಂದಿನ ಜಾಗಕ್ಕೆ ಹಲ್ಲು ಬಂದು ಬೆಳಕನ್ನು ತಡೆಯುತ್ತದೆ. ಹುಡುಗಿ ಇಷ್ಟು ಹೇಳಿ ನಿಂತುಬಿಟ್ಟಳು.

‘ನಿನಗೆ ಗೊತ್ತಿಲ್ಲವೆ?’ ಎಂಬುದು ಆಗ ಒಂದು ಪ್ರಶ್ನೆ. ಅದಕ್ಕಿರುವ ಉತ್ತರ ಮೌನವೊಂದೇ. ‘ಚಕ್ರ ನಿಧಾನವಾಗಿ ತಿರುಗುತ್ತಿದ್ದಾಗ ಬೆಳಕು ಕಾಣುತ್ತಿತ್ತೆ?’ ಎಂಬುದು ಇನ್ನೊಂದು ಪ್ರಶ್ನೆ. ಅವಳು ಓದಿದ್ದುದು ನೆನಪಿಗೆ ಬರುತ್ತದೆ: ಕಾಣುತ್ತಿತ್ತು. ‘ಯಾವ ವೇಗಕ್ಕೆ ಮರೆಯಾಯಿತು?’ ಸೆಕೆಂಡಿಗೆ ೧೨.೬ ಸುತ್ತು. ‘ಹಾಗಾದರೆ ಒಂದು ಸಂದಿನ ಜಾಗಕ್ಕೆ ಹಲ್ಲು ಬರಲು ಎಷ್ಟು ಹೊತ್ತು?’ ಈಗ ಆರೂ ಮಂದಿ ಕಾಗದದ ಮೇಲೆ ಬಾಗಿದ್ದಾರೆ. ಹಲ್ಲುಗಳೂ ಸಂದುಗಳೂ ಸೇರಿ ೧,೪೪೦, ಅದನ್ನು ೧೨.೬ರಿಂದ ಗುಣಿಸಿದರೆ ೧೮,೧೪೪. ಅಂದರೆ ಒಂದು ಸೆಕೆಂಡಿನ ಸುಮಾರು ೧೮,೦೦೦ದಲ್ಲೊಂದು ಭಾಗದಲ್ಲಿ ಬೆಳಕು ೧೭ ಕಿಲೊಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಹೋಗಿಬಂದಿದೆ. ಗುಣಿಸಿ ನೋಡಿದರೆ ಸೆಕೆಂಡಿಗೆ ಸುಮಾರು ೩,೧೩,೦೦೦ ಕಿಲೊಮೀಟರು. ಇಂದು ಒಪ್ಪಿರುವ ಬೆಲೆಗಿಂತ ತುಸು ಹೆಚ್ಚು. ಎರಡನೆಯ ಬಗೆಯ ಪ್ರಶ್ನೆಯನ್ನು ಕೇಳಿದವನಿಗೆ ಎದುರಿನವಳು ಎಲ್ಲಿ ಎಡವಿದಳೆಂಬ ಅರಿವಿರಬೇಕು. ಅಷ್ಟು ಹೊತ್ತು ಅವಳ ತಲೆಯೊಳಗಿನಿಂದ ಆ ಚಕ್ರವನ್ನು ನೋಡಿರಬೇಕು. ಪರರ ಭಾವವನ್ನರಿಯುವುದೆಂದು ದೊಡ್ಡ ಮಾತಿನಲ್ಲಿ ಹೇಳುವುದು ಹೀಗೆ ಒಂದು ಸಣ್ಣ ಲೆಕ್ಕದ ನಡುವೆ ಅಭ್ಯಾಸವಾಗುತ್ತದೆ.

ಆ ಅಭ್ಯಾಸ ತರಗತಿಯ ಹೊರಗೂ ಉಳಿಯುವುದೆ? ಆರನ್ಸನ್ ಅವರ ಶಿಷ್ಯೆ ಡಯಾನ್ ಬ್ರಿಜ್‌ಮನ್ ಇದನ್ನು ಜಾಣತನದಿಂದ ಪರೀಕ್ಷಿಸಿದರು. ಹತ್ತು ವಯಸ್ಸಿನ ಮಕ್ಕಳಿಗೆ ಅವರು ತೋರಿಸಿದುದು ಒಂದು ಚಿತ್ರಕಥೆ. ಬಾಲಕನೊಬ್ಬ ವಿಮಾನ ನಿಲ್ದಾಣದಲ್ಲಿ ತಂದೆಯನ್ನು ಕಳುಹಿಸಿಕೊಟ್ಟು ದುಃಖದಲ್ಲಿದ್ದಾನೆ. ಮುಂದಿನ ಚಿತ್ರದಲ್ಲಿ ಅಂಚೆಯವನು ಅವನಿಗೆ ಒಂದು ಪೊಟ್ಟಣವನ್ನು ತಂದುಕೊಡುತ್ತಾನೆ. ಬಿಚ್ಚಿ ನೋಡಿದರೆ ಒಳಗೆ ಆಟಿಕೆಯ ವಿಮಾನ, ಹುಡುಗ ಅಳಲಾರಂಭಿಸುತ್ತಾನೆ. ಹುಡುಗ ಏಕೆ ಅತ್ತನೆಂದು ಕೇಳಿದರೆ ಎಲ್ಲ ಮಕ್ಕಳೂ ಹೇಳುತ್ತಾರೆ: ವಿಮಾನವನ್ನು ನೋಡಿ ತಂದೆಯ ನೆನಪಾಯಿತು. ನಿಜವಾದ ಪ್ರಶ್ನೆ ಆಮೇಲಿನದು: ಹುಡುಗ ಏಕೆ ಅತ್ತನೆಂದು ಅಂಚೆಯವನು ಭಾವಿಸಿಯಾನು? ಅಂಚೆಯವನಿಗೆ ತಂದೆಯ ಸಂಗತಿ ತಿಳಿಯದು. ಆದರೆ ತನಗೆ ತಿಳಿದುದೆಲ್ಲ ಇತರರಿಗೂ ತಿಳಿದಿದೆಯೆಂದು ಬಗೆಯುವುದು ಮಕ್ಕಳ ಸ್ವಭಾವ. ಎಷ್ಟೋ ಮಂದಿ ದೊಡ್ಡವರ ಸ್ವಭಾವವೂ ಹೌದು. ಎಂಟು ವಾರ ಜಿಗ್‌ಸಾ ಪದ್ಧತಿಯಲ್ಲಿ ಕಲಿತಿದ್ದ ಮಕ್ಕಳು ಅಂಚೆಯವನ ಜಾಗದಲ್ಲಿ ನಿಂತು ಯೋಚಿಸುವುದರಲ್ಲಿ ಮಿಕ್ಕವರಿಗಿಂತ ಮುಂದಾಗಿದ್ದರು. ಈ ಅಧ್ಯಯನ ೧೯೮೧ರಲ್ಲಿ ಪ್ರಕಟವಾಯಿತು.

ಆಸ್ಟಿನ್‌ನ ಇತರ ಫಲಿತಾಂಶಗಳೂ ಹೀಗೆಯೇ ಇದ್ದವು. ಮಕ್ಕಳಲ್ಲಿ ಪರಸ್ಪರ ಮೆಚ್ಚುಗೆಯೂ ತಮ್ಮ ಬಗ್ಗೆ ತಮಗಿದ್ದ ಗೌರವವೂ ಹೆಚ್ಚಿದವು. ೧೯೭೬ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಪ್ಪು ಮಕ್ಕಳು ಮತ್ತು ಮೆಕ್ಸಿಕೊ ಮೂಲದ ಮಕ್ಕಳು ಹಳೆಯ ಪದ್ಧತಿಗಿಂತ ಇದರಲ್ಲಿ ಹೆಚ್ಚು ಅಂಕಗಳನ್ನು ಪಡೆದರು. ಬಿಳಿಯ ಮಕ್ಕಳಿಗೆ ನಷ್ಟವೇನೂ ಆಗಲಿಲ್ಲ. ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಇನ್ನೊಂದು ಅಂಶ: ಶಾಲೆಗೆ ಗೈರುಹಾಜರಾಗುವುದು ಕಡಮೆಯಾಯಿತು. ಹಿಂದಿನ ಬೆಂಚಿನ ಹುಡುಗ ಮೊದಲು ಮಾತು ನಿಲ್ಲಿಸುತ್ತಾನೆ, ಆಮೇಲೆ ಒಂದೊಂದು ದಿನ ತಪ್ಪಿಸುತ್ತಾನೆ, ಕೊನೆಗೆ ಅವನ ಹೆಸರು ಪಟ್ಟಿಯಿಂದಲೇ ಹೋಗುತ್ತದೆ. ಅವನಿಲ್ಲದಿದ್ದರೂ ತರಗತಿ ಎಂದಿನಂತೆ ನಡೆಯುತ್ತದೆ. ತಾನು ಬಾರದಿದ್ದರೆ ಐವರ ಪಾಠ ನಿಲ್ಲುವುದೆಂದು ಗೊತ್ತಿರುವ ಹುಡುಗನ ಸಂಗತಿ ಹಾಗಲ್ಲ.

ಆದರೂ ಈ ಪದ್ಧತಿಯನ್ನು ಸರ್ವರೋಗ ನಿವಾರಕವೆಂದು ಸಾರುವವರನ್ನು ನಂಬಬೇಕಾಗಿಲ್ಲ. ೨೦೨೨ರಲ್ಲಿ ಫ್ರಾನ್ಸಿನ ಸಂಶೋಧಕರು ಶಾಲಾಮಕ್ಕಳ ಮೇಲೆ ನಡೆಸಿದ ಐದು ಪ್ರಯೋಗಗಳನ್ನು ಒಟ್ಟಿಗೆ ಪ್ರಕಟಿಸಿದಾಗ, ಜಿಗ್‌ಸಾದಿಂದ ಪಾಠದ ಕಲಿಕೆ ಹೇಳಿಕೊಳ್ಳುವಷ್ಟು ಹೆಚ್ಚುವುದೆಂಬುದಕ್ಕೆ ಅವರಿಗೆ ಆಧಾರ ದೊರೆಯಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ತುಂಡನ್ನು ಕಲಿಸುವವನು ಅದನ್ನು ತಪ್ಪಾಗಿ ತಿಳಿದಿದ್ದರೆ ಐದು ಮಂದಿಯೂ ತಪ್ಪನ್ನೇ ಕಲಿಯುವರು. ಒಬ್ಬನೇ ಗುಂಪನ್ನಾಳಲು ಹೊರಡುವುದುಂಟು. ಚುರುಕಾದವನಿಗೆ ಬೇಸರ ಬರುವುದೂ ಉಂಟು. ಮುಂದಾಳುತನವನ್ನು ಸರದಿಯ ಮೇಲೆ ಬದಲಾಯಿಸುವುದು, ಚುರುಕಾದವನಿಗೆ ಕಲಿಸುವುದೇ ಒಂದು ಸವಾಲೆಂದು ತೋರಿಸಿಕೊಡುವುದು, ಉಪಾಧ್ಯಾಯರು ಗುಂಪಿನಿಂದ ಗುಂಪಿಗೆ ಸುತ್ತುತ್ತ ಕಿವಿಗೊಡುವುದು—ಇವು ಆರನ್ಸನ್ ಸೂಚಿಸಿದ ಪರಿಹಾರಗಳು. ಪಾಠದ ಲಾಭಕ್ಕಾಗಿ ಮಾತ್ರ ಇದನ್ನು ಹಿಡಿಯುವವರಿಗೆ ನಿರಾಶೆಯಾಗಬಹುದು. ಇದರ ಬೆಲೆ ಇರುವುದು ಬೇರೆಡೆಯಲ್ಲಿ.

ವಿಶಾಲವಾಗಿ ನೋಡಿದರೂ ಇದೇ ಚಿತ್ರ ಕಾಣುತ್ತದೆ. ಶಾಲೆಗಳಲ್ಲಿ ಭಾವನೆಗಳನ್ನೂ ಸಹಜೀವನವನ್ನೂ ಕಲಿಸುವ ೨೧೩ ಕಾರ್ಯಕ್ರಮಗಳ ಫಲಿತಾಂಶಗಳನ್ನು ಡರ್ಲಾಕ್ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಒಟ್ಟುಗೂಡಿಸಿದರು; ಅವುಗಳಲ್ಲಿ ಪಾಲ್ಗೊಂಡಿದ್ದ ವಿದ್ಯಾರ್ಥಿಗಳು ೨,೭೦,೦೦೦ಕ್ಕೂ ಹೆಚ್ಚು, ಬಹುಪಾಲು ಅಮೆರಿಕದವರು. ಒಟ್ಟಿನಲ್ಲಿ ಲಾಭ ಕಂಡಿತು. ಆದರೆ ಕ್ರಮವಾದ ಹಂತಗಳೂ ಮಾಡಿ ಕಲಿಯುವ ಅವಕಾಶವೂ ಇದ್ದ ಕಾರ್ಯಕ್ರಮಗಳೇ ಹೆಚ್ಚು ಫಲ ಕೊಟ್ಟವು. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಕೌಶಲಗಳ ಕಲ್ಪನೆಯನ್ನು ಆಧರಿಸಿ ಪ್ರೌಢಶಾಲೆಗಳಿಗಾಗಿ ಚಟುವಟಿಕೆಗಳನ್ನು ರೂಪಿಸಿ, ಶಾಲೆಯ ಉಪಾಧ್ಯಾಯರಿಂದಲೇ ಅವನ್ನು ನಡೆಸಿತು. ೨೦೧೦ರಲ್ಲಿ ಪ್ರಕಟವಾದ ಅದರ ಪರಿಶೀಲನೆಯಲ್ಲಿ ಕಾರ್ಯಕ್ರಮವಿದ್ದ ಶಾಲೆಗಳ ೬೦೫ ಮಂದಿಯನ್ನು ಇಲ್ಲದ ಶಾಲೆಗಳ ೪೨೩ ಮಂದಿಯೊಡನೆ ಹೋಲಿಸಿದಾಗ, ಮೊದಲಿನವರಲ್ಲಿ ಆತ್ಮಗೌರವವೂ ಕಷ್ಟಗಳನ್ನು ಎದುರಿಸುವ ಶಕ್ತಿಯೂ ಉಪಾಧ್ಯಾಯರೊಡನೆ ಹೊಂದಾಣಿಕೆಯೂ ಹೆಚ್ಚಾಗಿದ್ದವು.

ಇಷ್ಟು ಓದಿದ ವಿದ್ಯಾರ್ಥಿ, ‘ನಮ್ಮ ಕಾಲೇಜಿನಲ್ಲಿ ಗುಂಪಿನ ಕೆಲಸ ಬೇಕಾದಷ್ಟಿದೆ, ಪ್ರಯೋಗಶಾಲೆಯಲ್ಲಿ ಇಬ್ಬಿಬ್ಬರು ಸೇರಿಯೇ ಕೆಲಸ ಮಾಡುತ್ತೇವಲ್ಲ’ ಎನ್ನಬಹುದು. ಆದರೆ ಅಲ್ಲಿ ನಡೆಯುವುದೇನು? ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ಒಬ್ಬ ಗುಂಡನ್ನು ತೂಗಿಬಿಡುತ್ತಾನೆ, ಆಂದೋಲನಗಳನ್ನೂ ಎಣಿಸುತ್ತಾನೆ, ಸ್ಟಾಪ್‌ವಾಚನ್ನೂ ಅವನೇ ಒತ್ತುತ್ತಾನೆ. ಇನ್ನೊಬ್ಬ ಬರೆದುಕೊಳ್ಳುತ್ತಾನೆ. ವರ್ಷದ ಕೊನೆಯಲ್ಲಿ ಇಬ್ಬರ ರೆಕಾರ್ಡು ಪುಸ್ತಕಗಳೂ ಅವಳಿಮಕ್ಕಳಂತಿರುತ್ತವೆ. ಪ್ರಾಯೋಗಿಕ ಪರೀಕ್ಷೆಯ ದಿನ ಎರಡನೆಯವನ ಕೈ ನಡುಗುತ್ತದೆ. ಇದು ಸಹಕಾರವಲ್ಲ, ಒಬ್ಬನ ಕೆಲಸದ ಮೇಲೆ ಇನ್ನೊಬ್ಬನ ಸವಾರಿ. ಸವಾರಿ ಮಾಡಿದವನಿಗೆ ತಾನು ಯಾರಿಗೂ ಬೇಡವೆಂಬ ಭಾವವೂ, ಹೊತ್ತವನಿಗೆ ತಾನೊಬ್ಬನೇ ದುಡಿದೆನೆಂಬ ಅಸಮಾಧಾನವೂ ಉಳಿಯುತ್ತವೆ. ಜಿಗ್‌ಸಾ ಪದ್ಧತಿಯಲ್ಲಿ ಪ್ರತಿಯೊಬ್ಬನ ಬಳಿಯೂ ಇತರರಿಗೆ ಬೇಕಾದುದೊಂದು ಇದ್ದೇ ಇರುತ್ತದೆ, ಅಂಕಗಳು ಮಾತ್ರ ಅವರವರವೇ. ಒಬ್ಬನ ದೌರ್ಬಲ್ಯ ಇನ್ನೊಬ್ಬನ ಅಂಕವನ್ನು ಕೆಳಗೆಳೆಯುವುದಿಲ್ಲ.

ಇದನ್ನು ಸರಿಪಡಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಲೋಲಕದ ಉದ್ದವನ್ನು ಬದಲಾಯಿಸಿದಾಗಲೆಲ್ಲ ಸ್ಟಾಪ್‌ವಾಚೂ ಕೈ ಬದಲಾಗಲಿ. ಮೊದಲ ಉದ್ದಕ್ಕೆ ಒಬ್ಬ ಎಣಿಸಿ ಇನ್ನೊಬ್ಬ ಒತ್ತಲಿ, ಎರಡನೆಯದಕ್ಕೆ ಅದಲುಬದಲು. ನಕ್ಷೆಯ ಮೇಲಿನ ಬಿಂದುಗಳಲ್ಲಿ ಅರ್ಧ ಒಬ್ಬನವು, ಅರ್ಧ ಇನ್ನೊಬ್ಬನವು ಆಗುವುದರಿಂದ ಯಾವ ಬಿಂದುವಾದರೂ ಸರಳರೇಖೆಯಿಂದ ದೂರ ಬಿದ್ದರೆ ಇಬ್ಬರೂ ಕೂತು ವಿಚಾರಿಸಲೇಬೇಕಾಗುತ್ತದೆ. ಪರೀಕ್ಷೆಗೆ ಓದುವಾಗಲೂ ಹೀಗೆ ಮಾಡಬಹುದು. ನಾಲ್ವರು ಸೇರಿ ಒಂದು ಅಧ್ಯಾಯವನ್ನು ನಾಲ್ಕಾಗಿ ಹಂಚಿಕೊಳ್ಳಲಿ. ನಾಲ್ವರೂ ಆಪ್ತಮಿತ್ರರೇ ಆಗಿರದೆ, ಮೂವರಿಗೂ ಹೆಚ್ಚು ಪರ��ಚಯವಿಲ್ಲದ ಒಬ್ಬರಾದರೂ ಅದರಲ್ಲಿರಲಿ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ ಸಾಕು. ಮೊದಲ ಎರಡು ವಾರ ತೊಡಕೆನ್ನಿಸುವುದು ಖಂಡಿತ. ಆಸ್ಟಿನ್‌ನ ಮಕ್ಕಳೂ ಮೊದಲ ಕೆಲವು ದಿನ ಕಾರ್ಲೋಸನನ್ನು ಅಣಕಿಸುತ್ತಲೇ ಇದ್ದರು.